ಹದಿನೆಂಟು ಕಂಬಗಳ ಹಂಚಿಕೆ

ಹಳೇಬೀಡಿಗೆ ಅಂಟಿಕೊಂಡ ಬಸ್ತಿಹಳ್ಳಿ ಪಕ್ಕದ ದ್ವಾರಸಮುದ್ರ ಸ್ನಾತಕೋತ್ತರ ಕೇಂದ್ರದ ವರಾಂಡದಲ್ಲಿ ಒಟ್ಟು ಹದಿನೆಂಟು ಕಂಬಗಳಿದ್ದು, ಕೇಂದ್ರ ಆರಂಭವಾದ ದಿನದಿಂದ ಇಂದಿನವರೆಗೆ ಅವುಗಳಲ್ಲಿ ಒಂದೂ ಖಾಲಿ ಬಿದ್ದಿರುವುದಿಲ್ಲ. ಬೋಧಕರ ಹುದ್ದೆಗಳು ಖಾಲಿ ಇವೆ. ಗ್ರಂಥಪಾಲಕರ ಹುದ್ದೆ ಖಾಲಿ ಇದೆ. ಹಾಸ್ಟೆಲಿನ ನೀರಿನ ಟ್ಯಾಂಕು ವಾರದಲ್ಲಿ ನಾಲ್ಕು ದಿನ ಖಾಲಿ ಇರುತ್ತದೆ. ಕಂಬಗಳು ಮಾತ್ರ ಸದಾ ಭರ್ತಿ.

ಇವು ಹೊಯ್ಸಳರ ಕಂಬಗಳು ಅಂದುಕೊಂಡು ಯಾರೂ ಕ್ಯಾಮರಾ ಹಿಡಿದು ಬರುವುದು ಬೇಡ. ಕಂಟ್ರಾಕ್ಟರು ಎರಕ ಹೊಯ್ಸಿದ ಸಿಮೆಂಟು ಕಂಬಗಳು, ಹಳದಿ ಬಣ್ಣ, ಬೆನ್ನು ತಾಗುವ ಎತ್ತರದಲ್ಲಿ ಎಣ್ಣೆ ಜಿಡ್ಡು. ಆ ಜಿಡ್ಡಿನ ಹಿನ್ನೆಲೆ ಇಷ್ಟು: ಕೇಂದ್ರದಲ್ಲಿ ಮೊದಲ ತರಗತಿ ಹತ್ತಕ್ಕೆ, ಜಾವಗಲ್ ಬಸ್ಸು ಬರುವುದು ಹತ್ತೂ ಇಪ್ಪತ್ತಕ್ಕೆ. ಪಾಠ ಶುರುವಾದ ಮೇಲೆ ಒಳಗೆ ಬರಕೂಡದು ಎಂಬುದು ಕೇಂದ್ರದ ನಿಯಮ, ಬಸ್ಸನ್ನು ಬೇಗ ಬಿಡಲಾಗದು ಎಂಬುದು ಬಸ್ಸಿನವರ ನಿಯಮ. ಎರಡರ ಮಧ್ಯೆ ಸಿಕ್ಕಿಕೊಂಡ ಮಕ್ಕಳು ಕಂಬಕ್ಕೆ ಒರಗಿ ಕಿಟಕಿಯಿಂದ ಪಾಠ ಕೇಳುತ್ತಾ ಎಂ.ಎ. ಮುಗಿಸಿಕೊಂಡು ಹೋಗುತ್ತಿದ್ದರು.

ಕ್ಯಾಂಪಸ್ಸಿನ ಮಾತಿನಲ್ಲಿ ಇವರಿಗೆ ಮದನಿಕೆಗಳು ಅಂತ ಹೆಸರು. ಗಂಡು ಹುಡುಗರಿಗೂ ಅದೇ, ಗಡ್ಡ ಬಿಟ್ಟವರಿಗೂ ಅದೇ. ಕೋರ್ಸು ಮುಗಿಸಿದ ಮದನಿಕೆ ಕೊನೆಯ ದಿನ ಒಬ್ಬ ಜೂನಿಯರನ್ನು ಕರೆದು, ಅವನ ಅಂಗೈಯನ್ನು ಕಂಬಕ್ಕೆ ಒತ್ತಿ, "ನಿಂತ್ಕೋ" ಅನ್ನಬೇಕು. ಅಷ್ಟೇ ಶಾಸ್ತ್ರ. ಅಷ್ಟಕ್ಕೇ ಅಳುವವರನ್ನು ಕನ್ನಡ ವಿಭಾಗದ ಭೀಮರಾಜ್ ಮೇಷ್ಟ್ರು ಹನ್ನೊಂದು ವರ್ಷದಿಂದ ನೋಡಿದ್ದರು.

ಭೀಮರಾಜ್ ಅತಿಥಿ ಉಪನ್ಯಾಸಕರು. ಮೂರು ದಿನಕ್ಕಿಂತ ಹೆಚ್ಚು ಉಳಿದ ನೆಂಟನ ಕೈಗೆ ನಮ್ಮ ಕಡೆ ಪೊರಕೆ ಕೊಡುತ್ತಾರೆ. ಹನ್ನೊಂದು ವರ್ಷ ಉಳಿದ ಇವರ ಕೈಗೆ ಪರೀಕ್ಷೆ ಕೆಲಸ, ಕ್ರೀಡಾಕೂಟದ ಶಿಳ್ಳೆ, ಗಣರಾಜ್ಯೋತ್ಸವದ ನಿರೂಪಣೆ ಎಲ್ಲವನ್ನೂ ಕೊಟ್ಟಿದ್ದರು. ಪ್ರತಿ ವರ್ಷ ಪರೀಕ್ಷೆ ಮುಗಿದ ಮೇಲೆ ಬಿಡುಗಡೆ ಪತ್ರ, ಕಾಲೇಜು ಶುರುವಾದ ಮೇಲೆ ಮತ್ತೆ ಆದೇಶ. "ವರ್ಷಕ್ಕೊಂದು ಸಲ ಸತ್ತು ಹುಟ್ತೀನಿ, ನಮ್ಮನೆ ಗೋಡೆ ಮೇಲಿರೋ ಬುದ್ಧನಿಗೂ ಬೇಜಾರಾಗಿರುತ್ತೆ" ಅಂತ ತಮ್ಮನ್ನು ತಾವೇ ಆಡಿಕೊಂಡು ನಗುತ್ತಿದ್ದರು. ಹೆಂಡತಿ ಮೀನಾಕ್ಷಿ ಬೇಲೂರಿನಲ್ಲಿ ನರ್ಸು, ಪರ್ಮನೆಂಟು. ಹಾಗಾಗಿ ಮನೆಯಲ್ಲಿಯೂ ಮೇಷ್ಟ್ರು ಸ್ವಲ್ಪ ಅತಿಥಿಯೇ.

ಈ ವರ್ಷ ಪುನರ್‌ನೇಮಕದ ಪಟ್ಟಿಗೆ ಕತ್ತರಿ ಬೀಳುತ್ತದೆ ಎಂಬ ಸುದ್ದಿ ಇತ್ತು. ಅದೇ ಹೊತ್ತಿಗೆ ಕೇಂದ್ರಕ್ಕೆ ಮೌಲ್ಯಮಾಪನ ತಂಡ ಬರುವುದೆಂದು ಪತ್ರ ಬಂತು. ತಂಡ ಕಳಿಸಿದ ನಮೂನೆಯ ಏಳನೇ ಕಾಲಮ್ಮಿನಲ್ಲಿ "ಸಂಸ್ಥೆಗೆ ವಿಶಿಷ್ಟವಾದ ವಿದ್ಯಾರ್ಥಿ ಪರಂಪರೆಗಳು" ಎಂದಿತ್ತು. ನಿರ್ದೇಶಕ ಡಾ. ಜಯದೇವಪ್ಪನವರು ಸಭೆ ಕರೆದು, ನಮ್ಮಲ್ಲಿ ಅಂಥದ್ದೇನಾದರೂ ಇದೆಯೇ ಎಂದು ಕೇಳಿದರು. ಪರ್ಮನೆಂಟ್ ನೌಕರರೆಲ್ಲ ಮೇಜು ನೋಡಿಕೊಂಡು ಕುಳಿತರು. ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದ ಭೀಮರಾಜ್ ಮಾತ್ರ ಇರಲಾರದೆ ಇರುವೆ ಬಿಟ್ಟುಕೊಂಡರು. ಕಂಬಗಳ ಕಥೆ ಹೇಳಿದರು.

ಜಯದೇವಪ್ಪನವರ ಮುಖ ಅರಳಿತು. ಇದು ಚೆನ್ನಾಗಿ ನಡೆದರೆ ನಿಮ್ಮ ಪುನರ್‌ನೇಮಕದ ಕಡತಕ್ಕೆ ನಾನೇ ಷರಾ ಬರೆಯುತ್ತೇನೆ ಎಂದು ಎಲ್ಲರೆದುರು ಮಾತು ಕೊಟ್ಟರು. ಮೇಷ್ಟ್ರು ಅಲ್ಲಿಯೇ "ಪರಂಪರಾ ಸಂಚಾಲಕ" ಆದರು. ನಿಯಮಾವಳಿ ಬರೆಯುವ ಹೊಣೆಯನ್ನು ಕಚೇರಿ ಅಧೀಕ್ಷಕಿ ದ್ರಾಕ್ಷಾಯಣಿ ಮೇಡಂ ಹೊತ್ತುಕೊಂಡರು. ಈಯಮ್ಮ ನಿಯಮವಿಲ್ಲದೆ ಕಾಫಿಗೂ ಸಕ್ಕರೆ ಹಾಕಿಕೊಂಡವರಲ್ಲ. ಮಾರನೇ ದಿನವೇ ಸುತ್ತೋಲೆ ಸೂಚನಾ ಫಲಕಕ್ಕೆ ಬಂತು.

"ವಿಷಯ: ಕಂಬಗಳಿಗೆ ಒರಗಿ ನಿಲ್ಲುವ ಪರಂಪರೆಯನ್ನು ಕ್ರಮಬದ್ಧಗೊಳಿಸುವ ಬಗ್ಗೆ. ಕನ್ನಡ ಎಂ.ಎ. ವಿಭಾಗದ ಮೂವತ್ತಾರು ವಿದ್ಯಾರ್ಥಿಗಳಿಗೆ ಕಂಬಕ್ಕೆ ಇಬ್ಬರಂತೆ ಹಂಚಿಕೆ ಮಾಡಲಾಗಿದೆ. ಮದನಿಕೆಯ ತಡವು ಇಪ್ಪತ್ತು ನಿಮಿಷಕ್ಕಿಂತ ಕಡಿಮೆ ಇರತಕ್ಕದ್ದಲ್ಲ, ಇಪ್ಪತ್ತೈದನ್ನು ಮೀರತಕ್ಕದ್ದಲ್ಲ. ಒರಗುವ ಭಂಗಿ ಸಹಜವಾಗಿರತಕ್ಕದ್ದು. ಸಹಜ ಭಂಗಿಗಳ ಚಿತ್ರಗಳನ್ನು ಇದರೊಂದಿಗೆ ಅಂಟಿಸಲಾಗಿದೆ. ಕಂಬ ಹಸ್ತಾಂತರದ ವೇಳೆ ಕಣ್ಣೀರು ಐಚ್ಛಿಕ. ಸಮಯಕ್ಕೆ ಸರಿಯಾಗಿ ಬರುವವರ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು."

ವಿದ್ಯಾರ್ಥಿಗಳ ಆಡುಮಾತನ್ನೂ ದಾಖಲಿಸಬೇಕೆಂದು ನಮೂನೆಯಲ್ಲಿದ್ದುದರಿಂದ, ಕಚೇರಿಯೇ ಮೊದಲು ಅದನ್ನು ಜಾರಿಗೆ ತಂದಿತು. ಹಳೇಬೀಡಿನ ಗುಡಿಗೆ ಮೇಲೆ ಗೋಪುರವಿಲ್ಲದ್ದು ಎಲ್ಲರಿಗೂ ಗೊತ್ತು. ತಲೆಯಲ್ಲಿ ಸರಕಿಲ್ಲದವನಿಗೆ ಹುಡುಗರು "ಗೋಪುರ ಇಲ್ಲ" ಅನ್ನುತ್ತಿದ್ದರು. ಈಗ ಪೋಷಕರ ಮನೆಗೆ "ತಮ್ಮ ಮಗನಿಗೆ ಗೋಪುರ ಇರುವುದಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ" ಎಂಬ ಪತ್ರಗಳು ಮೊಹರು ಸಮೇತ ಹೋದವು. ಒಬ್ಬ ತಂದೆ ಅದನ್ನು ಫ್ರೇಮು ಹಾಕಿಸಿದರಂತೆ.

ಶಿಸ್ತುಕ್ರಮದ ಮೊದಲ ನೋಟಿಸು ಹೋದದ್ದು ಮೊದಲ ವರ್ಷದ ಚನ್ನೇಶನಿಗೆ. ತರಗತಿಗೆ ಮೊದಲಿಗ, ಹಾಸ್ಟೆಲಿನಲ್ಲಿ ವಾಸ, ಹುಟ್ಟಿದಂದಿನಿಂದ ಯಾವುದಕ್ಕೂ ತಡ ಮಾಡಿದವನಲ್ಲ. ಹಾಸ್ಟೆಲಿಗೂ ತರಗತಿಗೂ ಎರಡು ನಿಮಿಷದ ದಾರಿ, ಎಷ್ಟೇ ನಿಧಾನ ನಡೆದರೂ ನಾಲ್ಕು ನಿಮಿಷಕ್ಕಿಂತ ಹೆಚ್ಚು ತಡ ಮಾಡಲು ತನ್ನಿಂದ ಆಗುತ್ತಿಲ್ಲ, ಕ್ಷಮಿಸಬೇಕು ಎಂದು ಬರೆದುಕೊಟ್ಟ. ನಿರ್ದೇಶಕರು ಸಹಾನುಭೂತಿಯಿಂದ ಪರಿಶೀಲಿಸಿ, ಹಾಸ್ಟೆಲಿನವರೆಲ್ಲ ಬೆಳಿಗ್ಗೆಯ ಬಸ್ಸಿಗೆ ಜಾವಗಲ್ಲಿಗೆ ಹೋಗಿ, ಅಲ್ಲಿಂದ ತಡವಾಗುವ ಬಸ್ಸಿನಲ್ಲಿ ವಾಪಸು ಬರತಕ್ಕದ್ದೆಂದು ಆದೇಶಿಸಿದರು.

ಇದರಿಂದ ತೊಂದರೆಯಾದದ್ದು ಮೇಘಶ್ರೀಗೆ. ಜಾವಗಲ್ಲಿನ ತೆಂಗಿನ ತೋಟದವರ ಮನೆ ಹುಡುಗಿ, ಎರಡನೇ ವರ್ಷ, ಏಳನೇ ಕಂಬ. ನಿಜವಾಗಿ ತಡವಾಗಿ ಬರುತ್ತಿದ್ದವಳಿಗೆ ಈಗ ಬಸ್ಸಿನಲ್ಲಿ ಜಾಗವೇ ಇಲ್ಲ. ಒಂದು ದಿನ ಮೇಷ್ಟ್ರನ್ನು ಗ್ರಂಥಾಲಯದ ಹತ್ತಿರ ಹಿಡಿದಳು.

"ಸಾರ್, ಅದೊಂದು ನಮ್ದೂ ಅಂತ ಇತ್ತು. ಯಾಕೆ ಹೇಳಿದ್ರಿ ಅವ್ರಿಗೆ?"

ಮೇಷ್ಟ್ರಿಗೆ ನಾಚಿಕೆಯಾಯಿತು. ಸಂಸ್ಥೆಯ ಹಿತ, ಪರಂಪರೆಯ ಉಳಿವು ಅಂತೆಲ್ಲ ಹೇಳಬಹುದಿತ್ತು, ನಾಲಿಗೆ ತುದಿಯವರೆಗೂ ಬಂದಿತ್ತು.

"ನನ್ನ ಕೆಲ್ಸ ಉಳೀಲಿ ಅಂತ ಕಣಮ್ಮ" ಅಂದರು.

"ಹಂಗಾದ್ರೆ ನಿಂತ್ಕೋತೀವಿ ಬಿಡಿ ಸಾರ್" ಅಂದು ಹೋದಳು. ಅದನ್ನು ಕೇಳಿ ಮೇಷ್ಟ್ರಿಗೆ ಇನ್ನಷ್ಟು ನಾಚಿಕೆಯಾಯಿತು, ಆದರೆ ಕೆಲಸ ಉಳಿಯುವ ಆಸೆಯೂ ಅಷ್ಟೇ ಆಯಿತು. ಮನುಷ್ಯರು ಹಾಗೇ.

ತಂಡ ಬಂದ ದಿನ ಆಗಬಾರದ್ದೊಂದು ಆಗಿಹೋಯಿತು. ಜಾವಗಲ್ ಬಸ್ಸು ಒಂಬತ್ತೂ ಐವತ್ತಕ್ಕೇ ಬಂದುಬಿಟ್ಟಿತು. ಯಾರೋ ಹೊಸ ಡ್ರೈವರು, ದಾರಿಯ ಗುಂಡಿಗಳ ಪರಿಚಯವಿಲ್ಲದೆ ಜೋರಾಗಿ ಓಡಿಸಿದ್ದ. ಮೂವತ್ತಾರು ಜನ ಸಮಯಕ್ಕೆ ಮೊದಲೇ ಬಂದಿಳಿದದ್ದನ್ನು ಕಂಡು ದ್ರಾಕ್ಷಾಯಣಿ ಮೇಡಂ ಎದೆ ಹಿಡಿದುಕೊಂಡು ಕುಳಿತರು. ಮೇಘಶ್ರೀ ಎಲ್ಲರನ್ನೂ ಕರೆದುಕೊಂಡು ಬಸ್ತಿಹಳ್ಳಿಯ ಬಸದಿಯ ನೆರಳಿಗೆ ಹೋದಳು. ಅಲ್ಲಿ ಅರ್ಧ ಗಂಟೆ ಕಡಲೆಕಾಯಿ ತಿಂದು, ಹತ್ತೂ ಇಪ್ಪತ್ತಕ್ಕೆ ಸರಿಯಾಗಿ, ಏದುಸಿರು ಬಿಡುತ್ತಾ ವರಾಂಡಕ್ಕೆ ಬಂದರು. ಏದುಸಿರು ನಿಯಮದಲ್ಲಿ ಇರಲಿಲ್ಲ, ಮಕ್ಕಳೇ ಸ್ವಂತ ಬುದ್ಧಿಯಿಂದ ಸೇರಿಸಿದ್ದು.

ಒಳಗೆ ಭೀಮರಾಜ್ ಖಾಲಿ ಬೆಂಚುಗಳಿಗೆ ಷಟ್ಪದಿಯ ಲಕ್ಷಣ ಹೇಳುತ್ತಿದ್ದರು. ಹೊರಗಿನವರಿಗೆ ಕೇಳಲೆಂದು ಗಂಟಲು ಹರಿಯುವಂತೆ ಕೂಗಿ ಹೇಳುತ್ತಿದ್ದರು. ದಾಖಲೆಗಿರಲಿ ಎಂದು ದ್ರಾಕ್ಷಾಯಣಿ ಮೇಡಂ ಇಡೀ ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರು. ತಂಡದ ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು ಬಾಗಿಲಲ್ಲಿ ನಿಂತರು.

"ಒಳಗೆ ಯಾರೂ ಇಲ್ಲವಲ್ಲ?"

"ಒಳಗೆ ಕೂರುವುದು ನಮ್ಮ ಪರಂಪರೆಯಲ್ಲಿ ಇಲ್ಲ ಮೇಡಂ" ಅಂದರು ಜಯದೇವಪ್ಪನವರು.

ಅಧ್ಯಕ್ಷೆ ಮೇಘಶ್ರೀಯ ಹತ್ತಿರ ಬಂದು, ಇಲ್ಲಿಂದ ಪಾಠ ಕೇಳಿಸುತ್ತದೆಯೇ ಎಂದು ವಿಚಾರಿಸಿದರು. ನಮ್ಮ ಮೇಷ್ಟ್ರು ಹೇಳಿದರೆ ಎಲ್ಲಿ ನಿಂತರೂ ಕೇಳಿಸುತ್ತದೆ, ಒಂದೊಂದು ಸಲ ಬಸ್ಸಿನಲ್ಲಿ ಕೂತಾಗಲೂ ನೆನಪಿಗೆ ಬರುತ್ತದೆ ಎಂದು ಅವಳು ಹೇಳಿದಳು. ಅದು ಸುತ್ತೋಲೆಯಲ್ಲಿ ಬರೆದುಕೊಟ್ಟ ಮಾತಲ್ಲ. ಕಿಟಕಿಯೊಳಗೆ ಮೇಷ್ಟ್ರಿಗೆ ಒಂದು ಕ್ಷಣ ಷಟ್ಪದಿ ತಪ್ಪಿತು.

ವರದಿ ಬಂತು. ಕೇಂದ್ರಕ್ಕೆ ಅತ್ಯುನ್ನತ ಶ್ರೇಣಿ. "ಗೋಡೆಗಳಿಂದ ಮುಕ್ತವಾದ ಈ ಕಲಿಕಾ ಪದ್ಧತಿಯನ್ನು ಯಾವ ಕಾರಣಕ್ಕೂ ಬದಲಿಸಬಾರದು" ಎಂದು ತಂಡ ಶಿಫಾರಸು ಮಾಡಿತ್ತು. ಕ್ಯಾಂಪಸ್ಸಿನಲ್ಲಿ ಮೈಸೂರುಪಾಕು ಹಂಚಿದರು. ಮೇಷ್ಟ್ರಿಗೆ ಎರಡು ತುಂಡು ಕೊಟ್ಟು, ಜೊತೆಗೊಂದು ಪತ್ರ ಕೊಟ್ಟರು.

"ತರಗತಿಯೊಳಗೆ ವಿದ್ಯಾರ್ಥಿಗಳು ಇಲ್ಲದಿರುವುದರಿಂದ ಬೋಧನಾ ಕಾರ್ಯಭಾರ ಶೂನ್ಯವಾಗಿರುತ್ತದೆ. ತಮ್ಮ ಧ್ವನಿಯು ಕಚೇರಿಯಲ್ಲಿ ಈಗಾಗಲೇ ಲಭ್ಯವಿರುವುದರಿಂದ ತಮ್ಮ ಸೇವೆಯ ಅಗತ್ಯ ಇರುವುದಿಲ್ಲ. ತಮ್ಮ ಧ್ವನಿಗೆ ಉಜ್ವಲ ಭವಿಷ್ಯವನ್ನು ಹಾರೈಸುತ್ತೇವೆ."

ಭೀಮರಾಜ್ ಪತ್ರ ಹಿಡಿದು ನಿರ್ದೇಶಕರ ಮುಂದೆ ನಿಂತರು. ಮಾತು ಕೊಟ್ಟಿದ್ದಿರಲ್ಲ ಸಾರ್ ಎಂದು ಕೇಳಿದರು. ಷರಾ ಬರೆಯುತ್ತೇನೆ ಅಂದಿದ್ದೆ, ಬರೆದಿದ್ದೇನೆ, ನೋಡಿ ಎಂದು ಜಯದೇವಪ್ಪನವರು ಕಡತ ತೋರಿಸಿದರು. "ಒಳ್ಳೆಯ ವ್ಯಕ್ತಿ" ಎಂದು ಬರೆದು ಸಹಿ ಮಾಡಿದ್ದರು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಮೇಷ್ಟ್ರಿಗೆ ತಮ್ಮ ಬಗ್ಗೆ ಯಾವ ತಮಾಷೆಯೂ ಹೊಳೆಯಲಿಲ್ಲ. ವರಾಂಡಕ್ಕೆ ಬಂದು ಏಳನೇ ಕಂಬದ ಪಕ್ಕ ನಿಂತರು.

ಅವತ್ತೇ ಮೇಘಶ್ರೀಯ ಕೊನೆಯ ದಿನ. ಅವಳು ಮೇಷ್ಟ್ರ ಕೈಯಲ್ಲಿದ್ದ ಪತ್ರ ಓದಿ, ನೇರ ದ್ರಾಕ್ಷಾಯಣಿ ಮೇಡಂ ಬಳಿ ಹೋಗಿ, ಕಂಬವನ್ನು ವಿದ್ಯಾರ್ಥಿಗೇ ಒಪ್ಪಿಸಬೇಕೆಂದು ನಿಯಮದಲ್ಲಿ ಎಲ್ಲಿದೆ ಎಂದು ಕೇಳಿದಳು. ಮೇಡಂ ನಿಯಮಾವಳಿಯನ್ನು ಮೂರು ಸಲ ತಿರುವಿ ಹಾಕಿದರು. ಎಲ್ಲಿಯೂ ಇರಲಿಲ್ಲ. ನಿಯಮದಲ್ಲಿ ಇಲ್ಲದ್ದನ್ನು ತಡೆಯುವುದು ಅವರ ಜಾಯಮಾನವೇ ಅಲ್ಲ. ತ್ರಿಪ್ರತಿಯಲ್ಲಿ ಅರ್ಜಿ ತೆಗೆದುಕೊಂಡು, ಮೊಹರು ಒತ್ತಿ, ಸಂಜೆಯೊಳಗೆ ಏಳನೇ ಕಂಬದ ಹಂಚಿಕೆ ಪತ್ರವನ್ನು ಮೇಷ್ಟ್ರ ಹೆಸರಿಗೆ ಬರೆದುಕೊಟ್ಟರು.

ಬೇಲೂರಿನಲ್ಲಿ ಮೀನಾಕ್ಷಿ ಆ ಪತ್ರವನ್ನು ಎರಡು ಸಲ ಓದಿದಳು.

"ಸಂಬಳ?"

"ಕಂಬಕ್ಕೆ ಸಂಬಳ ಇಲ್ಲ ಕಣೇ. ಆದ್ರೆ ಯಾರೂ ತೆಗೆಯೋ ಹಂಗಿಲ್ಲ. ನಾನಾಗಿ ಇನ್ನೊಬ್ರಿಗೆ ಒಪ್ಪಿಸೋವರ್ಗೂ ನಂದೇ."

"ಅಂದ್ರೆ ಪರ್ಮನೆಂಟು" ಅಂದಳು ಮೀನಾಕ್ಷಿ. ಪಕ್ಕದ ಮನೆಯವರಿಗೂ ಹಾಗೇ ಹೇಳಿದಳು. ಅರಸೀಕೆರೆಯಿಂದ ಮೇಷ್ಟ್ರ ಅಣ್ಣ ಮರಿಯಣ್ಣ ಫೋನು ಮಾಡಿ, ಅಂತೂ ನಮ್ಮ ಕುಟುಂಬದಲ್ಲಿ ಇನ್ನೊಬ್ಬ ಪರ್ಮನೆಂಟ್ ಆದ ಎಂದರು.

ಈಗ ಭೀಮರಾಜ್ ಮೇಷ್ಟ್ರು ದಿನಾ ಹತ್ತೂ ಇಪ್ಪತ್ತಕ್ಕೆ ಸರಿಯಾಗಿ ತಡವಾಗಿ ಬಂದು ಏಳನೇ ಕಂಬಕ್ಕೆ ಒರಗುತ್ತಾರೆ. ಖಾಲಿ ಕೋಣೆಯೊಳಗೆ ಸ್ಪೀಕರಿನಲ್ಲಿ ಅವರದೇ ಪಾಠ ನಡೆಯುತ್ತಿರುತ್ತದೆ. ಮೊದಲ ವಾರ ತಮ್ಮ ದನಿಯ ಜೊತೆಗೇ ತುಟಿ ಆಡಿಸಿದರು. ಎರಡನೇ ವಾರ ಮಾತ್ರೆಯ ಲೆಕ್ಕದಲ್ಲಿ ಒಂದು ತಪ್ಪು ಸಿಕ್ಕಿ ಕೈಯೆತ್ತಿದರು, ಸ್ಪೀಕರು ಗಮನಿಸಲಿಲ್ಲ. ಮೂರನೇ ವಾರ, ಕಾಲು ಬದಲಿಸಿ ಬದಲಿಸಿ ಸಾಕಾಗಿ, ಅದೇ ಕಂಬದ ಇನ್ನೊಂದು ಮಗ್ಗುಲಿಗೆ ಒರಗಿದ್ದ ಚನ್ನೇಶನನ್ನು ಮೆಲ್ಲಗೆ ಕೇಳಿದರು.

"ಈ ಮೇಷ್ಟ್ರು ಯಾವಾಗಯ್ಯಾ ಮುಗ್ಸೋದು?"

"ಇವ್ರು ಬೆಲ್ಲಾದ್ರೂ ಬಿಡಲ್ಲ ಸಾರ್" ಅಂದ ಚನ್ನೇಶ. "ನಿಮ್ಗೂ ಅಭ್ಯಾಸ ಆಗುತ್ತೆ."

ಮೇಷ್ಟ್ರು ಹೌದೆಂದು ತಲೆಯಾಡಿಸಿ, ಬೆನ್ನು ಸರಿಮಾಡಿಕೊಂಡು ನಿಂತರು.