ಮೂರು ಗಾಡಿಗಳನ್ನು ಸರಿಸಮ ಮಾಡಲು ಹೋಗಿ

ಗಾಡಿ ರಿಪೇರಿ ಮಾಡುವವನ ಹತ್ತಿರ ಜನ ಬರೀ ಗಾಡಿ ತರುವುದಿಲ್ಲ, ಜಗಳವನ್ನೂ ತರುತ್ತಾರೆ. ಸಕಲೇಶಪುರದಲ್ಲಿ ವರ್ಕ್‌ಶಾಪ್ ಇಟ್ಟಿದ್ದಷ್ಟು ವರ್ಷವೂ ನನಗೆ ಇದು ತಪ್ಪಲಿಲ್ಲ. ಅದರಲ್ಲಿ ದೊಡ್ಡದು ಆ ರೇಸಿನ ಜಗಳ. ಐವತ್ತರ ದಶಕದ ಕೊನೆಯಲ್ಲಿ ಹತ್ತಿಕೊಂಡಿದ್ದು, ನಾಲ್ಕು ವರ್ಷ ಆರಲಿಲ್ಲ.

ಬೆಳಗೋಡು ಕಡೆಯ ಎಸ್ಟೇಟಿನ ಗೌಡರ ಹತ್ತಿರ ಮಿಲಿಟರಿಯವರು ಹರಾಜಿಗೆ ಹಾಕಿದ್ದ ಜೀಪಿತ್ತು. ಪೇಟೆಯ ಕಾಫಿ ವ್ಯಾಪಾರಿ ಹಾಜಿಯವರ ಹತ್ತಿರ, ಯಾರೋ ಬಿಳಿ ದೊರೆ ಊರು ಬಿಡುವಾಗ ಮಾರಿ ಹೋದ ದೊಡ್ಡ ಕಾರಿತ್ತು. ಊರಿನ ಆಸ್ಪತ್ರೆಯ ಡಾಕ್ಟರದ್ದು ಪುಟ್ಟ ಕಾರು. ಅದರೊಳಗೆ ಅವರು ಕೂತರೆ ಕೋಟು ತೊಟ್ಟುಕೊಂಡ ಹಾಗೆ ಕಾಣುತ್ತಿತ್ತು. ಕಾಫಿ ಕೊಯ್ಲು ಮುಗಿದ ಮೇಲೆ ಒಂದು ಭಾನುವಾರ ಮೂವರೂ ಹೊಳೆ ಹತ್ತಿರದಿಂದ ಗುಡ್ಡದ ಮೇಲಿನ ಸ್ಕೂಲಿನವರೆಗೆ ರೇಸ್ ಓಡಿಸಿದರು. ಹಾಜಿಯವರು ಗೆದ್ದರು.

"ಗೆದ್ದಿದ್ದು ನೀವಲ್ಲ ಕಣ್ರೀ, ನಿಮ್ಮ ಇಂಜಿನ್ನು. ಅಷ್ಟು ದೊಡ್ಡ ಇಂಜಿನ್ ಇದ್ರೆ ನಮ್ಮ ಕೋಣನೂ ಗೆಲ್ತದೆ" ಅಂದರು ಗೌಡರು.

"ಹಂಗಾದ್ರೆ ಮುಂದಿನ ಸಲ ಕೋಣನೇ ಕಳ್ಸಿ ಗೌಡ್ರೇ. ಒಳ್ಳೆ ಗಾಡಿ ಇಟ್ಕೊಳ್ಳೋದೂ ಆಟದಲ್ಲಿ ಸೇರಿದ್ದೇ ಅಲ್ವಾ?"

ಇಪ್ಪತ್ತು ವರ್ಷದಿಂದ ಪ್ರತಿ ಸಂತೆ ದಿನ ಒಟ್ಟಿಗೆ ಕೂತು ಟೀ ಕುಡಿಯುತ್ತಿದ್ದವರು ಮಾತು ಬಿಟ್ಟರು. ಇಬ್ಬರೂ ನನ್ನ ಗಿರಾಕಿಗಳು. ಒಬ್ಬರು ಅಂಗಡಿಯಲ್ಲಿದ್ದರೆ ಇನ್ನೊಬ್ಬರು ಹಾರನ್ ಹೊಡೆದು ಮುಂದಕ್ಕೆ ಹೋಗುತ್ತಿದ್ದರು. ಕೊನೆಗೆ ಡಾಕ್ಟರೇ ಬಂದು, "ಮೇಸ್ತ್ರೀ, ಮೂರು ಗಾಡಿಗಳನ್ನೂ ನೀವೇ ಸರಿಸಮ ಮಾಡಿಕೊಡಿ. ಆಗ ಗೆಲ್ಲೋದು ಓಡಿಸೋನು, ಇಂಜಿನ್ ಅಲ್ಲ" ಅಂದರು. ಇಬ್ಬರೂ ಹ್ಞೂಂ ಅಂದರು. ನಾನೂ ಹ್ಞೂಂ ಅಂದುಬಿಟ್ಟೆ.

೧. ಮೂಟೆ

ಜೋರಿನ ಗಾಡಿಗೆ ಭಾರ ಹೇರಿದರೆ ಆಯಿತು ಅಂತ ನನ್ನ ಲೆಕ್ಕ. ಮರುವರ್ಷದ ರೇಸಿಗೆ ಹಾಜಿಯವರ ಕಾರಿನ ಹಿಂದುಗಡೆ ನಾಲ್ಕು ಮೂಟೆ ಕಾಫಿ ಹಾಕಿಸಿದೆ. ಗೌಡರು ತಾವೇ ಒಂದೊಂದು ಮೂಟೆಯನ್ನೂ ಎತ್ತಿ ನೋಡಿ ತೃಪ್ತಿಪಟ್ಟರು.

ರೇಸಿನ ಹಿಂದಿನ ದಿನ ಒಂದು ಮಳೆ ಹೊಡೆದಿತ್ತು. ದಾರಿಯೆಲ್ಲ ಕೆಂಪು ಕೆಸರು. ಜೀಪು ಮೊದಲ ತಿರುವಿನಲ್ಲೇ ಅಡ್ಡಡ್ಡ ಜಾರಿತು. ಡಾಕ್ಟರ ಕಾರು ಇದ್ದಲ್ಲೇ ಚಕ್ರ ತಿರುಗಿಸುತ್ತ ನಿಂತಿತು. ಹಾಜಿಯವರದು ಮಾತ್ರ ಮೂಟೆಯ ಭಾರಕ್ಕೆ ಹಿಂದಿನ ಚಕ್ರಗಳು ನೆಲ ಕಚ್ಚಿಕೊಂಡು, ಹೋದ ವರ್ಷಕ್ಕಿಂತ ಸಲೀಸಾಗಿ ಹತ್ತಿಬಿಟ್ಟಿತು.

ಗೌಡರು ಕೆಸರು ಒರೆಸಿಕೊಳ್ಳುತ್ತ ನನ್ನನ್ನು ದುರುಗುಟ್ಟಿ ನೋಡಿದರು. ಹಾಜಿಯವರು ಇಳಿದು ಬಂದು ಬಹಳ ವಿನಯದಿಂದ ಕೇಳಿದರು: "ಮೇಸ್ತ್ರೀ, ಮುಂದಿನ ವರ್ಷ ಇನ್ನೂ ಎರಡು ಮೂಟೆ ಹಾಕ್ಬಹುದಾ?"

೨. ಮರದ ತುಂಡು

ಮುಂದಿನ ವರ್ಷ ಮೂಟೆ ಬೇಡ ಅಂದೆ. ಆಕ್ಸಿಲರೇಟರ್ ಕೆಳಗೆ ಮರದ ತುಂಡು ಇಟ್ಟರೆ ಪೆಡಲ್ ಅಷ್ಟಕ್ಕೇ ನಿಲ್ಲುತ್ತದೆ. ಜೋರಿನ ಗಾಡಿಗೆ ದಪ್ಪ ತುಂಡು, ಮೆತ್ತಗಿನದಕ್ಕೆ ತೆಳು ತುಂಡು. ಮೂರು ದಿನ ಗುಡ್ಡ ಹತ್ತಿ ಇಳಿದು, ಉಜ್ಜಿ ಉಜ್ಜಿ, ಮೂರೂ ಗಾಡಿಗಳು ಒಂದೇ ಸ್ಪೀಡಿನಲ್ಲಿ ಹತ್ತುವ ಹಾಗೆ ಮಾಡಿದೆ. ಅಷ್ಟು ನಾಜೂಕಿನ ಕೆಲಸ ನನ್ನ ಜೀವಮಾನದಲ್ಲಿ ಮತ್ತೆ ಮಾಡಿಲ್ಲ.

ಸ್ಕೂಲಿನ ಹತ್ತಿರ ಬಾವುಟ ಹಿಡಿಯಲು ಹೆಡ್‌ಮಾಸ್ತರನ್ನು ನಿಲ್ಲಿಸಿದ್ದೆವು. "ಮೊದಲು ಯಾವ ಗಾಡಿ ಬರುತ್ತೋ ಅದಕ್ಕೆ ಬಾವುಟ ಇಳಿಸಿ ಸಾರ್" ಅಂತ ಹೇಳಿಯಾಗಿತ್ತು.

ಮೂರು ಗಾಡಿಗಳೂ ಮದುವೆ ದಿಬ್ಬಣದ ಹಾಗೆ ಪಕ್ಕಪಕ್ಕದಲ್ಲೇ ಒಂದೇ ಮಟ್ಟದಲ್ಲಿ ಹತ್ತಿದವು. ಒಬ್ಬರೂ ಮೊಳದಷ್ಟೂ ಮುಂದೆ ಹೋಗಲಿಲ್ಲ. ಹಾಗೇ ಮೋರಿಯ ಕಿರುಸೇತುವೆ ಬಂತು. ಅದರ ಮೇಲೆ ಒಂದು ಗಾಡಿಗೆ ಮಾತ್ರ ಜಾಗ.

"ಹಿಂದಕ್ಕೆ ತಗೊಳ್ರೀ ಹಾಜಿ ಸಾಹೇಬ್ರೇ!"

"ನೀವು ತಗೊಳ್ಳಿ. ಸರಿಸಮ ಅಲ್ವಾ? ನಾನ್ಯಾಕೆ ತಗೋಬೇಕು?"

ಅರ್ಧ ಗಂಟೆ ಮೂರೂ ಮೂತಿ ಸೇರಿಸಿಕೊಂಡು ನಿಂತವು. ಅಷ್ಟರಲ್ಲಿ ಹಿಂದಿನಿಂದ ಬೆಳಗೋಡಿನ ಬಸ್ಸು ಬಂತು. ಕಂಡಕ್ಟರ್ ಇಳಿದು ಬಂದು, "ಏನ್ರೀ ಇದು, ದೊಡ್ಡೋರಾಗಿ! ಬಸ್ಸಲ್ಲಿ ಬಾಣಂತಿ ಅವ್ಳೆ, ದಾರಿ ಬುಡ್ರೀ" ಅಂತ ಕೂಗಾಡಿದ. ಮೂವರೂ ತಲೆ ತಗ್ಗಿಸಿಕೊಂಡು ಪಕ್ಕಕ್ಕೆ ಸರಿದರು. ಬಸ್ಸು ಹೋಯಿತು.

ನಾವು ಮೇಲೆ ತಲುಪುವ ಹೊತ್ತಿಗೆ ಹೆಡ್‌ಮಾಸ್ತರು ಬಸ್ಸಿನ ಡ್ರೈವರ್ ಕೊರಳಿಗೆ ಹಾರ ಹಾಕಿ, ಮಕ್ಕಳ ಕೈಯಲ್ಲಿ ಚಪ್ಪಾಳೆ ತಟ್ಟಿಸುತ್ತಿದ್ದರು. ಗೌಡರು ರೇಗಿದರು. ಮಾಸ್ತರು ಕನ್ನಡಕ ಸರಿಮಾಡಿಕೊಂಡು, "ಮೊದಲು ಬಂದ ಗಾಡಿ ಅಂದ್ರಿ. ಬಸ್ಸು ಗಾಡಿ ಅಲ್ಲ ಅಂತ ಯಾರೂ ಹೇಳಲಿಲ್ಲವಲ್ಲ?" ಅಂದರು.

೩. ಒಂದೇ ಜೀಪು

ಮೂರನೆಯ ವರ್ಷ ನನ್ನ ತಲೆ ಓಡಿತು. ಗಾಡಿ ಒಂದೇ ಆದರೆ ಇಂಜಿನ್ನೂ ಒಂದೇ. ಮೂವರೂ ಒಬ್ಬರಾದ ಮೇಲೊಬ್ಬರು ಗೌಡರ ಜೀಪನ್ನೇ ಓಡಿಸಲಿ, ಮಾಸ್ತರು ಗಡಿಯಾರ ನೋಡಲಿ.

ಮೊದಲು ಗೌಡರು ಓಡಿಸಿದರು. ಆಮೇಲೆ ಹಾಜಿಯವರ ಸರದಿ. ಅವರು ಜೀಪನ್ನು ಮುಟ್ಟಿದವರೇ ಅಲ್ಲ. ಮೊದಲ ಗೇರಿಗೇ ಕರಕರ ಸದ್ದು ಬಂತು. ಗೌಡರಿಗೆ ತಡೆಯಲಾಗಲಿಲ್ಲ, ಹಾರಿ ಪಕ್ಕದಲ್ಲಿ ಕೂತರು. "ಕ್ಲಚ್ ಪೂರ್ತಿ ಒತ್ತಿ! ಈಗ ಎರಡನೇದು ಹಾಕಿ. ತಿರುವು ಬಂತು, ಈಗ್ಲೇ ಬೇಡ... ಹ್ಞಾಂ, ಈಗ ಹಾಕಿ!" ಅಂತ ಗುಡ್ಡದ ತುದಿಯವರೆಗೂ ಹೇಳಿಕೊಡುತ್ತಲೇ ಹೋದರು.

ಹಾಜಿಯವರು ಗೌಡರನ್ನು ಹತ್ತು ಸೆಕೆಂಡಿನಿಂದ ಸೋಲಿಸಿದರು.

ಗೌಡರು ಬಾನೆಟ್ ಎತ್ತಿ, ಒಳಗೆಲ್ಲ ಕೈಯಾಡಿಸಿ, ನಿಟ್ಟುಸಿರುಬಿಟ್ಟರು. "ಸೋತ್ರೆ ಸೋತೆ ಮಾರಾಯ, ಗೇರ್‌ಬಾಕ್ಸ್ ಉಳೀತು."

ಮೂರು ವರ್ಷದಲ್ಲಿ ಮೊದಲ ಸಲ ಇಬ್ಬರೂ ಒಟ್ಟಿಗೆ ನಕ್ಕಿದ್ದು ಅವತ್ತೇ. ಡಾಕ್ಟರ ಸರದಿ ಎಲ್ಲರಿಗೂ ಮರೆತೇ ಹೋಯಿತು.

೪. ಇಂಜಿನ್ನೇ ಬೇಡ

ಜಗಳವೆಲ್ಲ ಇಂಜಿನ್ನಿಂದ ತಾನೇ? ನಾಲ್ಕನೆಯ ವರ್ಷ ಆಟದಿಂದ ಇಂಜಿನ್ನನ್ನೇ ತೆಗೆದುಹಾಕಿದೆವು. ಸ್ಕೂಲಿನಿಂದ ಕೆಳಕ್ಕೆ ಸುಮ್ಮನೆ ಗಾಡಿ ಉರುಳಿಸುವುದು, ಯಾರದು ದೂರ ಹೋಗುತ್ತದೋ ಅವರು ಗೆದ್ದಂತೆ. ಯಾರೂ ಕಳ್ಳಾಟ ಆಡಬಾರದೆಂದು ಮೂರೂ ಗಾಡಿಗಳ ರೋಟರ್ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಹೆಬ್ಬೆರಳಿನಷ್ಟು ಸಾಮಾನು ಅದು, ಅದಿಲ್ಲದಿದ್ದರೆ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ.

ಮೂರೂ ಗಾಡಿಗಳು ಸದ್ದಿಲ್ಲದೆ ಇಳಿದು ಕಣ್ಮರೆಯಾದವು. ನಾನು ಮಾಸ್ತರ ಮನೆಯಲ್ಲಿ ಕಾಫಿ ಕುಡಿದು, ಚಕ್ಕುಲಿ ತಿಂದು, ಎರಡನೇ ಲೋಟಕ್ಕೆ ಕೈ ಚಾಚಿದಾಗ ಜೇಬಿನಲ್ಲಿ ಏನೋ ಚುಚ್ಚಿತು. ಮೂರೂ ರೋಟರ್‌ಗಳು ನನ್ನ ಹತ್ತಿರವೇ! ಗುಡ್ಡದ ಕೆಳಗೆ ಓಡಿದೆ.

ಅರ್ಧ ದಾರಿಯಲ್ಲೇ ಅವರು ಎದುರಾದರು. ನನಗಾಗಿ ಕಾದು ಕಾದು ಸಾಕಾಗಿ, ಕೆಳಗಿನ ಗದ್ದೆಯವರ ಎತ್ತುಗಳನ್ನು ಕೇಳಿ ತಂದು ಗಾಡಿಗಳಿಗೆ ಕಟ್ಟಿಸಿದ್ದರು. ಒಂದೊಂದಕ್ಕೆ ಎರಡು ಜೋಡಿ. ಉರುಳಿಸಿದ ಪಂದ್ಯ ಯಾರಿಗೂ ನೆನಪಿರಲಿಲ್ಲ, ಈಗ ಎತ್ತಿನದೇ ರೇಸು. ಜೀಪಿನಲ್ಲಿ ಗೌಡರು ಎದ್ದು ನಿಂತಿದ್ದರು. ಹಾಜಿಯವರು ಕಾರಿನ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ್ದರು. ಎತ್ತುಗಳು ಅವುಗಳ ಪಾಡಿಗೆ ನಿಧಾನಕ್ಕೆ ನಡೆಯುತ್ತಿದ್ದವು. ಓಡುತ್ತಿದ್ದುದು ಇವರಿಬ್ಬರ ಬಾಯಿ ಮಾತ್ರ.

"ಗೌಡ್ರೇ, ರೋಟರ್ ತಂದಿದೀನಿ! ನಿಲ್ಸಿ, ಒಂದು ನಿಮಿಷದಲ್ಲಿ ಹಾಕ್ತೀನಿ!" ಅಂತ ಪಕ್ಕದಲ್ಲೇ ನಡೆಯುತ್ತ ಬೇಡಿಕೊಂಡೆ.

"ಈಗ ನಿಲ್ಸಿದ್ರೆ ಅವ್ರು ಮುಂದಕ್ಕೆ ಹೋಗ್ಬುಡ್ತಾರೆ ಕಣೋ! ಅಡ್ಡ ಬರ್ಬೇಡ!"

ಹಾಜಿಯವರ ಕಡೆ ಓಡಿದೆ. ಅವರು ನನ್ನ ಮುಖವನ್ನೂ ನೋಡದೆ, "ಅವ್ರು ಹಾಕಿಸ್ಕೊಂಡ್ರಾ? ಇಲ್ವಾ? ಹಂಗಾದ್ರೆ ನನಗೂ ಬೇಡ" ಅಂದರು.

ಸ್ಕೂಲಿನ ಹತ್ತಿರ ಗೌಡರ ಎತ್ತುಗಳು ಒಂದು ಕೊಂಬಿನಷ್ಟು ಮುಂದಿದ್ದವು. ಗೌಡರು ಪೇಟ ಬಿಚ್ಚಿ ಗಾಳಿಯಲ್ಲಿ ಬೀಸಿದರು. ಹಾಜಿಯವರು ಧಡಾರನೆ ಬಾಗಿಲು ಹಾಕಿ ಇಳಿದು, ಎತ್ತುಗಳನ್ನು ಸುತ್ತಿ ನೋಡಿ, ನೇರ ನನ್ನ ಹತ್ತಿರ ಬಂದರು. "ಮೇಸ್ತ್ರೀ, ಇದು ಅನ್ಯಾಯ. ಅವ್ರಿಗೆ ಸಿಕ್ಕಿದ ಎತ್ತುಗಳಿಗೆ ಗದ್ದೆಯವ್ರು ಹುರುಳಿ ಹಾಕಿ ಸಾಕವ್ರೆ, ನನಗೆ ಕೊಟ್ಟಿದ್ದು ಬರೀ ಹುಲ್ಲು ತಿಂದವು. ಮುಂದಿನ ವರ್ಷ ಎತ್ತುಗಳನ್ನೂ ನೀವೇ ಸರಿಸಮ ಮಾಡಿಕೊಡ್ಬೇಕು!"

"ಹುರುಳಿ ಹಾಕೋದೂ ಆಟದಲ್ಲಿ ಸೇರಿದ್ದೇ ಕಣ್ರೀ!" ಅಂದರು ಗೌಡರು.

"ನನಗೆ ಎತ್ತಿನ ವಿಷಯ ತಿಳಿಯಲ್ಲ, ಡಾಕ್ಟರನ್ನ ಕೇಳಿ" ಅಂದುಬಿಟ್ಟೆ.

ಡಾಕ್ಟರು ಆಗ ತಾನೇ ಬಂದು ಇಳಿಯುತ್ತಿದ್ದರು. ನಿಧಾನವಾಗಿ ಒಂದೊಂದು ಎತ್ತಿನ ಬೆನ್ನೂ ಸವರಿದರು. ಆಮೇಲೆ ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದರು:

"ಎತ್ತುಗಳು ಸರಿಯಾಗೇ ಇವೆ. ನಾಳೆ ಬೆಳಿಗ್ಗೆ ನೀವಿಬ್ಬರೂ ಆಸ್ಪತ್ರೆಗೆ ಬನ್ನಿ."