ಹಡಗಲಿ ಲೈನ್ ಸರಿ ಐತೇನ್ರಿ?

ಇವತ್ತರೆ ಗಂಭೀರವಾಗಿ ಕೆಲಸ ಮಾಡೋಣ ಅಂತ ಕುಂತ ದಿನಾನ ನಮ್ಮ ಆಫೀಸಿನಾಗ ಇಂಥಾವು ನಡೀತಾವು. ಯಾಕಂತ ಆ ಶಿವನ ಬಲ್ಲ.

ನನ್ನ ಕೆಲಸ ಅಂದ್ರ ನೋಡೂದು. ನಮ್ಮದು ಊರೂರಿಗೆ ಇಂಟರ್ನೆಟ್ ಕೊಡೋ ಸಣ್ಣ ಕಂಪನಿ. ಹಗರಿಬೊಮ್ಮನಹಳ್ಳಿ ಸ್ಟೇಷನ್ ಹತ್ರ ಒಂದು ಕೋಣಿ, ಕೋಣ್ಯಾಗ ಒಂದು ದೊಡ್ಡ ಸ್ಕ್ರೀನು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ನಮ್ಮೂರು, ಊರಿಗೊಂದು ಚುಕ್ಕಿ. ಮಾನಿಟರಿಂಗ್ ಸಾಫ್ಟ್‌ವೇರ್ ಅನ್ನೋದು ಗಳಿಗಿಗೊಮ್ಮೆ ಆ ಊರಿನ ಮಷೀನಿಗೆ "ಅದೀಯೇನು?" ಅಂತ ಕೇಳ್ತೈತಿ. "ಅದೀನಿ" ಅಂದ್ರ ಚುಕ್ಕಿ ಹಸಿರು. ಸುಮ್ನಿದ್ರ ಕೆಂಪು. ಕೆಂಪಾದ್ರ ನಾ ಫೋನ್ ಹಚ್ಚಬೇಕು, ಬಸ್ ಹತ್ತಬೇಕು, ಬೈಸ್ಕೊಬೇಕು.

ಮಧ್ಯಾಹ್ನ ರೊಟ್ಟಿ ತಿಂದು, ಫ್ಯಾನಿನ ಗಾಳಿಗೆ ಕಣ್ಣು ಅರ್ಧ ಮುಚ್ಚಿ ಕುಂತ್ರ ಅವು ಚುಕ್ಕಿ ಅನ್ನಸೂದಿಲ್ಲ. ಸಂಜಿ ಹೊತ್ತು ಬಾಗಿಲಿಗೆ ಇಟ್ಟ ದೀಪ ಅನ್ನಸ್ತಾವು. ಅದರಾಗೂ ಹಡಗಲಿ ದೀಪ. ಆ ದೀಪದ ಹಿಂದ ಆಕಿ ಅದಾಳ. ಹಡಗಲಿ ಆಫೀಸು ನೋಡ್ಕೊಳ್ಳಾಕಿ. ದಿನಾ ಫೋನ್ ಮಾಡ್ತೀನಿ.

"ಹಡಗಲಿ ಲೈನ್ ಸರಿ ಐತೇನ್ರಿ?"

"ಸರಿ ಐತ್ರಿ."

ಮುಗೀತು. ಮನಸಿನಾಗಿಂದು ಗಂಟಲತನಕ ಬರ್ತೈತಿ, ಅಲ್ಲೇ ನಿಂತುಬಿಡ್ತೈತಿ. ಈ ವರ್ಷ ಆಕಿ ಮನಿಯಾಗ ಗಂಡು ನೋಡಾಕ ಹತ್ಯಾರ ಅನ್ನೋ ಸುದ್ದಿ ಬೇರೆ ಬಂತು. ಲಗೂನ ಹೇಳದಿದ್ರ ಕೆಟ್ಟೆ ಅಂತ ಗೊತ್ತು. ಆದ್ರ ನಾಲಿಗಿ ಏಳಬೇಕಲ್ಲ!

ಕೊಟ್ಟೂರಿನ ಅಮಾಸಿ

ಕೊಟ್ಟೂರು ಚುಕ್ಕಿ ತಿಂಗಳಿಗೊಮ್ಮೆ ಮುಂಜಾನಿ ಕೆಂಪಾಗ್ತಿತ್ತು. ವೈರ್ ಬದಲಿ ಮಾಡಿದ್ವಿ, ಮಷೀನ್ ಬದಲಿ ಮಾಡಿದ್ವಿ, ಊಹೂಂ. ಕಡೀಕ ಅಲ್ಲಿ ಆಫೀಸು ನೋಡ್ಕೊಳ್ಳೋ ಹಿರಿಯರಿಗೆ ಫೋನ್ ಹಚ್ಚಿದ್ನಿ.

"ಯಜಮಾನ್ರ, ಲೈನ್ ಯಾಕ ಬಂದ್ ಐತ್ರಿ?"

"ಇವತ್ತು ಅಮಾಸಿ ಅಲ್ಲೇನಪ. ಮಷೀನಿನ ಪೂಜಿ ನಡದೈತಿ."

"ಪೂಜಿ ಮಾಡ್ರಿ, ಬ್ಯಾಡ ಅಂದೋರ್ಯಾರು? ಬಂದ್ ಯಾಕ ಮಾಡ್ತೀರಿ?"

"ಕರೆಂಟ್ ಇರೋ ಮಷೀನಿಗೆ ನೀರು ಚಿಮುಕಿಸಿ ಈಬತ್ತಿ ಹಚ್ಚಾಕ ಬರ್ತೈತೇನು? ನೀ ಬಂದು ಹಚ್ಚು, ನಾ ದೂರ ನಿಂತು ನೋಡ್ತೀನಿ."

ಸಾಫ್ಟ್‌ವೇರಿನಾಗ ಒಂದು ಸವಲತ್ತು ಐತಿ. ಇಂಥಾ ದಿನ ರಿಪೇರಿ ಐತಿ, ಗದ್ದಲ ಮಾಡಬ್ಯಾಡ ಅಂತ ಮೊದಲ ಬರೆದಿಟ್ರ ಚುಕ್ಕಿ ಕೆಂಪಾಗೂದಿಲ್ಲ, ನೀಲಿ ಆಗ್ತೈತಿ. ಆದ್ರ ಅದಕ್ಕ ತಾರೀಖು ಗೊತ್ತು, ತಿಥಿ ಗೊತ್ತಿಲ್ಲ. ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ತೊಡಿ ಮ್ಯಾಲೆ ಇಟ್ಕೊಂಡು, ಆ ಪರದೇಶಿ ಸಾಫ್ಟ್‌ವೇರಿಗೆ ವರ್ಷದ ಅಮಾಸಿ ಎಲ್ಲಾ ಕಲಿಸಿದ್ನಿ.

ಒಂದಿನ ಸಾವ್ಕಾರ್ರು, ಅಂದ್ರ ನಮ್ಮ ಕಂಪನಿ ಮಾಲಕರು, ಬಂದು ನೋಡಿದ್ರು. "ಕೊಟ್ಟೂರು ಯಾಕ ನೀಲಿ ಐತೋ?"

"ಮಷೀನಿನ ಪೂಜಿ ನಡದೈತ್ರಿ." ಈಗ ಬೈಗಳ ಬಿದ್ವು ಅಂತ ತಲಿ ತಗ್ಗಿಸಿದ್ನಿ.

ಸಾವ್ಕಾರ್ರು ಸ್ಕ್ರೀನಿಗೆ ಕೈ ಮುಗಿದ್ರು. "ಮತ್ತ ಉಳಿದ ಊರಾಗ ಯಾಕ ಮಾಡವಲ್ರು? ಅವಕ್ಕೇನು ದೇವರು ದಿಂಡರು ಬ್ಯಾಡೇನು?"

ಮುಂದಿನ ಅಮಾಸಿಗೆ ಎಲ್ಲಾ ಊರೂ ನೀಲಿ. ಇಂಟರ್ನೆಟ್ ಇಲ್ಲ ಅಂತ ಫೋನ್ ಮಾಡಿ ಬೈದೋರಿಗೆಲ್ಲಾ, "ಬರ್ರಿ, ಪ್ರಸಾದ ತಗೊಂಡು ಹೋಗ್ರಿ" ಅಂದ್ವಿ.

ಕೂಡ್ಲಿಗಿ ಹಸಿರು

ಕೂಡ್ಲಿಗಿ ಆಫೀಸಿನಾತ ಮೀಸಿ ತಿರುವೋ ಗಟ್ಟಿ ಆಳು. ಹೇಳಿದ ಕೆಲಸ ಹೇಳಿದಂಗ ಮಾಡಾವ. ಅದ ಫಜೀತಿ. ನಾ ಒಮ್ಮೆ ಆತಗ ಹೇಳಿದ್ನಿ: "ನೋಡಪ, ಗ್ವಾಡಿ ಮ್ಯಾಲಿನ ಕರೇ ಪೆಟಿಗಿ ಐತಲ್ಲ, ಹೊರಗಿನ ಲೈನ್ ಮೊದಲು ಅದಕ್ಕ ಬರ್ತೈತಿ. ಅದು ಬಂದ್ ಆದ್ರ ನನ್ನ ಕಡಿ ಕೆಂಪು. ಆಕಾಶ ಕಳಚಿ ಬಿದ್ರೂ ಅದೊಂದು ಬಂದ್ ಆಗಬಾರದು."

ಒಂದಿನ ಕೂಡ್ಲಿಗಿಯಿಂದ ಫೋನಿನ ಮ್ಯಾಲೆ ಫೋನು. ಬ್ಯಾಂಕಿನೋರು, ಝೆರಾಕ್ಸ್ ಅಂಗಡಿಯೋರು, ಎಲ್ಲಾರದೂ ಒಂದ ಹಾಡು, ಇಂಟರ್ನೆಟ್ ಇಲ್ಲ. ನಾ ಸ್ಕ್ರೀನ್ ನೋಡ್ತೀನಿ, ಚುಕ್ಕಿ ಹಸಿರಂದ್ರ ಹಸಿರು, ಮಳಿ ಬಿದ್ದ ಮ್ಯಾಲಿನ ಹೊಲ ಇದ್ದಂಗ. ಕಣ್ಣು ತುಂಬಿ ಬರಬೇಕು, ಅಷ್ಟು ಚೆಂದ. "ಇಲ್ರಿ, ನಿಮ್ಮ ಕಂಪ್ಯೂಟರಿನಾಗ ಏನೋ ದೋಷ ಐತಿ" ಅಂತ ಎಲ್ಲಾರಿಗೂ ಶಾಣ್ಯಾತನ ಹೇಳಿದ್ನಿ. ಸಂಜಿಮುಂದ ಅನುಮಾನ ಬಂದು ಆತಗ ಕೇಳಿದ್ನಿ.

"ಕರೆಂಟ್ ಹೋಗಿ ಭಾಳ ಹೊತ್ತಾತ್ರಿ," ಅಂದ ಆರಾಮಾಗಿ. "ಎಲ್ಲಾ ಮಷೀನಿಗೂ ಕೊಟ್ರ ಬ್ಯಾಟ್ರಿ ಲಗೂ ಖಾಲಿ ಆಗ್ತೈತಿ. ಅದಕ್ಕ ಉಳಿದ ಮಷೀನಿನ ವೈರ್ ಎಲ್ಲಾ ಕಿತ್ತು, ನಿಮ್ಮ ಕರೇ ಪೆಟಿಗಿ ಒಂದನ್ನ ಸಾಕಾಕ ಹತ್ತೀನ್ರಿ."

"ಲೇ ಮಾರಾಯ, ಊರಿಗೆ ಇಂಟರ್ನೆಟ್ ಇಲ್ಲಲೋ!"

"ಊರಿನ ಸುದ್ದಿ ನೀವು ಹೇಳಿರಲಿಲ್ಲಲ್ರಿ. ನಿಮ್ಮ ಕಡಿ ಹಸಿರು ಐತೋ ಇಲ್ಲೋ, ಅದನ್ನ ಹೇಳ್ರಿ ಮೊದಲು."

ಹಡಗಲಿ ಹವಾ

ಊರೂರಿನ ಆಫೀಸಿನಾಗ ಮಷೀನ್ ಇಡೋ ಕೋಣಿಗೆ ಏಸಿ ಹಾಕಿಸಿ, ಎಷ್ಟು ಬಿಸಿ, ಎಷ್ಟು ತೇವ ಅಂತ ಅಳೆಯೋ ಯಂತ್ರಾನೂ ಇಟ್ಟಿದ್ವಿ. ಒಮ್ಮೆ ಹಡಗಲಿ ಕೋಣಿ ತೇವ ದಿನಾ ಮಧ್ಯಾಹ್ನ ಮಿತಿ ದಾಟಿ ಏರಾಕ ಹತ್ತಿತು. ಕೆಂಪು, ಕೆಂಪು, ಕೆಂಪು. ಫೋನಿನಾಗ ಬಗಿಹರೀತಿತ್ತು, ಆದ್ರ ನಾ ಯಾಕ ಬಗಿಹರಿಸಲಿ? ಗರಿಗರಿ ಅಂಗಿ ಹಾಕ್ಕೊಂಡು ಬಸ್ ಹತ್ತಿದ್ನಿ.

ಕಿಟಕಿ ಹತ್ರ ಸೀಟು. ಮೆಕ್ಕಿಜೋಳದ ಹೊಲ ಹಿಂದ ಹಿಂದ ಹೋಗ್ತಾವು, ನಾ ತುಟಿಯಾಗ ಮಾತು ಜೋಡಸ್ತೀನಿ. "ನೋಡ್ರಿ, ನಾ ಬಂದಿದ್ದು ತೇವದ ಸಲುವಾಗಿ ಅಲ್ಲ..." ಅಲ್ಲಿಗೆ ನಿಲ್ತೈತಿ. ಮತ್ತ ಮೊದಲಿಂದ. ಪಕ್ಕದಾಗ ಕುಂತ ಮುದುಕಪ್ಪ, "ಜಪ ಮಾಡಾಕ ಹತ್ತೀಯೇನ ತಮ್ಮಾ, ಮಾಡು ಮಾಡು" ಅಂದು ಸರಿದು ಕುಂತ.

ಆಕಿ ಕೋಣಿ ಬಾಗಿಲು ತಗದ್ಲು. ಒಳಗ ಏನ್ರಿ ಅದು! ಬುಟ್ಟಿ ಬುಟ್ಟಿ ಮಲ್ಲಿಗಿ ಮೊಗ್ಗು, ಮ್ಯಾಲೆ ಹಸಿ ಬಟ್ಟಿ. ಮಷೀನಿನ ಸಣ್ಣ ದೀಪ ಪಿಳಿಪಿಳಿ ಅಂತಾವು, ತಂಪು ಗಾಳಿ, ಆ ಘಮಾ. ನಾ ಎಲ್ಲಿ ಅದೀನಿ ಅನ್ನೋದ ಮರತು ನಿಂತ್ನಿ.

"ಬಿಸಿಲಿಗೆ ಮೊಗ್ಗು ಅರಳಿಬಿಟ್ರ ಸಂತ್ಯಾಗ ಯಾರೂ ಮೂಸಿ ನೋಡಂಗಿಲ್ರಿ," ಅಂದ್ಲು ಆಕಿ. "ನಮ್ಮ ಓಣಿ ಹೂವಿನೋರ ಬುಟ್ಟಿ ಇವು. ಏಸಿ ಹೆಂಗೂ ಓಡ್ತೈತಿ. ಮಷೀನಿಗೂ ತಂಪು, ಹೂವಿಗೂ ತಂಪು. ತಪ್ಪಾತೇನ್ರಿ?"

"ಇಲ್ರಿ," ಅಂದ್ನಿ. ಬಸ್ಸಿನಾಗ ಜೋಡಿಸಿದ ಮಾತೆಲ್ಲಾ ಎತ್ತ ಹೋತೋ. "ಮತ್ತ... ಲೈನ್ ಸರಿ ಐತೇನ್ರಿ?"

"ಎದುರಿಗೆ ನಿಂತೀರಿ, ನೀವ ನೋಡ್ರಿ," ಅಂತ ನಕ್ಕು, ಒಂದು ಬೊಗಸಿ ಮೊಗ್ಗು ಕೊಟ್ಲು. ಕಿಸೆಯಾಗ ಹಾಕ್ಕೊಂಡು ಬಂದ್ನಿ. ನನ್ನ ಹೇಡಿತನಕ್ಕ ನನಗ ಸಿಟ್ಟು ಬಂದು, ದಾರಿ ತುಂಬಾ ನನ್ನ ನಾನ ಬೈಕೊಂಡ್ನಿ. ಬಂದು ಮಾಡಿದ ಕೆಲಸ ಒಂದ: ಹಡಗಲಿಗೆ ತೇವದ ಮಿತಿ ಏರಿಸಿದ್ದು.

ಸಾವ್ಕಾರ್ರು ಕೇಳಿದ್ರು, "ಎಲ್ಲಾ ಊರಿಗೂ ಒಂದು ಮಿತಿ, ಹಡಗಲಿಗೆ ಬೇರೆ ಯಾಕೋ?"

"ಅಲ್ಲಿ ಹವಾ ಹಂಗ ಐತ್ರಿ."

ಅವರು ನನ್ನ ಕಿಸೆ ಕಡಿ ಮೂಗು ತಂದು ಉಸುರು ಎಳಕೊಂಡ್ರು. "ಹೌದು ಬಿಡು. ಹವಾ ಭಾರಿ ಐತಿ."

ಸುಮ್ನ ಕೇಳೋ ಹುಡುಗಿ

ಹರಪನಹಳ್ಳಿಯಾಗ ರಸ್ತೆ ಅಗಲ ಮಾಡಾಕ ಹತ್ತಿದ್ರು. ಜೆಸಿಬಿ ದಿನಾ ನಮ್ಮ ವೈರ್ ಹರೀತಿತ್ತು. ನಾ ಬಸ್ಸಿನಾಗ ಇದ್ದಾಗ ಯಾರಿಗಾದ್ರೂ ಗೊತ್ತಾಗ್ಲಿ ಅಂತ, ಸಾಫ್ಟ್‌ವೇರ್ ತಾನ ಸಾವ್ಕಾರ್ರಿಗೆ ಫೋನ್ ಮಾಡೋ ಹಂಗ ಮಾಡಿದ್ನಿ. ಕಂಪ್ಯೂಟರಿನ ದನಿ ಜ್ವರ ಬಂದೋರು ಮಾತಾಡಿದಂಗ ಇತ್ತು. ಅದಕ್ಕ ಹಡಗಲಿಯಾಕಿ ಕಡಿಂದ ದನಿ ರೆಕಾರ್ಡ್ ಮಾಡಿಸಿದ್ನಿ: "ನಮಸ್ಕಾರ್ರಿ. ಹರಪನಹಳ್ಳಿ ಲೈನ್ ಬಂದ್ ಆಗೇತ್ರಿ. ತಿಳೀತಂದ್ರ ಒಂದು ಒತ್ರಿ." ಇಷ್ಟ ಹೇಳಿ, ಒತ್ತೋತನಕ ಅದು ಸುಮ್ನ ಕಾಯ್ತೈತಿ. ಟೆಸ್ಟಿಂಗ್ ಅಂತ ಹೇಳಿ ನಾ ಅದನ್ನ ಎಷ್ಟು ಸಲ ಕೇಳಿದ್ನೋ ಲೆಕ್ಕ ಇಲ್ಲ.

ಸಾವ್ಕಾರ್ರು ಶಾಣ್ಯಾ. ತಮಗ್ಯಾಕ ತಲಿಬ್ಯಾನಿ ಅಂತ ಅವರವ್ವನ ನಂಬರ್ ಕೊಟ್ಟಿದ್ರು. "ಅವ್ವ ಮನಿಯಾಗ ಇರ್ತಾಳ, ಎತ್ತತಾಳ."

ಅವ್ವ ಎತ್ತಿದ್ರು. ಒಂದೂ ಒತ್ತಲಿಲ್ಲ, ಎರಡೂ ಒತ್ತಲಿಲ್ಲ. ತಮ್ಮ ಮೊಣಕಾಲು ನೋವು, ಸೊಸಿ ಸಾರಿಗೆ ಉಪ್ಪು ಹಾಕೋ ರೀತಿ, ಎಲ್ಲಾ ಹೇಳ್ಕೊಂಡ್ರು. ಆ ಕಡಿ ಒಂದು ಎದುರು ಮಾತಿಲ್ಲ. ದಿನಾ ಜೆಸಿಬಿ ಅಗೀತು, ದಿನಾ ಫೋನ್ ಬಂತು. ಒಂದಿನ ಅವ್ವ ಮಗನ್ನ ಕರೆದು ಹೇಳಿದ್ರು: "ದಿನಾ ಫೋನ್ ಮಾಡೋ ಹುಡುಗಿ ಯಾರೋ? ಹಿರಿಯರು ಮಾತಾಡಿದ್ರ ಸುಮ್ನ ಕೇಳ್ತಾಳ. ಈ ಕಾಲದಾಗ ಎಲ್ಲಿ ಸಿಗ್ತಾಳ? ನಿನ್ನ ತಮ್ಮಗ ಆಕೀನ ತರಬೇಕು."

ಸಾವ್ಕಾರ್ರು ಇದನ್ನ ನಗ್ತಾ ನನಗ ಹೇಳಿದ್ರು. ನನಗ ನೆಲ ಕುಸಿದಂಗಾತು. ನನ್ನ ಕೈಯಾರೆ ನಾನ ಸೆಟ್ ಮಾಡಿದ ಅಲರ್ಟು! "ಸೋಮವಾರ ಆಕಿನ್ನ ಮನಿಗೆ ಕರಕೊಂಡು ಬಾ" ಅಂತ ಅಪ್ಪಣಿ ಬ್ಯಾರೆ ನನಗ.

ಸೋಮವಾರ ಸಾವ್ಕಾರ್ರ ಪಡಸಾಲ್ಯಾಗ ಕುಂತ್ವಿ. ಅವ್ವ ಆಕಿ ಗದ್ದ ಹಿಡಿದು, "ನೀನ ಏನವ್ವ, ಮಾತು ಕಮ್ಮಿ ಇರೋ ಬಂಗಾರ?" ಅಂದ್ರು.

"ಅಮ್ಮಾ, ಅದು ರೆಕಾರ್ಡ್ ಮಾಡಿದ ದನಿ ಐತ್ರಿ," ಅಂದ್ಲು ಆಕಿ. "ನಾ ಮಾತು ಕಮ್ಮಿ ಅಂದ್ರ ಹಡಗಲಿ ಬಸ್ ಸ್ಟ್ಯಾಂಡ್ ಎಲ್ಲಾ ನಗ್ತೈತಿ. ಬೇಕಾದ್ರ ನಮ್ಮ ಓಣಿಯಾಗ ಕೇಳ್ರಿ. ಮಾತು ಕಮ್ಮಿ ಇರೋರು ಬೇಕಂದ್ರ ಇಲ್ಲಿ ಕುಂತಾರಲ್ಲ, ಇವರು. ದಿನಾ ಫೋನ್ ಮಾಡ್ತಾರ್ರಿ. ಅದೂ ಲೈನ್ ಬಂದ್ ಆದಾಗ ಅಲ್ಲ, ಸರಿ ಇದ್ದಾಗ! 'ಲೈನ್ ಸರಿ ಐತೇನ್ರಿ' ಅಂತಾರ, ಇಟ್ಟುಬಿಡ್ತಾರ. ಮಷೀನ್ ಆರಾಮ ಐತೋ, ವೈರ್ ಆರಾಮ ಐತೋ, ಬ್ಯಾಟ್ರಿ ಆರಾಮ ಐತೋ, ಎಲ್ಲಾ ಕೇಳ್ಯಾರ. ನಾ ಆರಾಮ ಅದೀನೋ ಇಲ್ಲೋ ಅಂತ ಒಂದಿನ, ಒಂದ ಒಂದಿನ ಕೇಳಿದ್ರೇನ್ರಿ?"

ದನಿ ಸಣ್ಣಗಾತು. ಸಾವ್ಕಾರ್ರು ನನ್ನ ನೋಡಿದ್ರು, ಅವರ ತಮ್ಮ ನನ್ನ ನೋಡಿದ, ಅವ್ವ ಕನ್ನಡಕ ಏರಿಸಿ ನನ್ನ ನೋಡಿದ್ರು. ಇನ್ನ ಈಗ ಇಲ್ಲಂದ್ರ ಯಾವಾಗೂ ಇಲ್ಲ ಅನ್ನಿಸಿತು. ಎದ್ದು ನಿಂತ್ನಿ.

"ನೀವು... ಆರಾಮ ಅದೀರೇನ್ರಿ?"

ಆಕಿ ಬಾಯಿ ತಗದ್ಲು. ಮಾತು ಬರಲಿಲ್ಲ. ಕಣ್ಣು ತುಂಬಿ, ತಲಿ ತಗ್ಗಿಸಿ, ಸೆರಗಿನ ತುದಿ ಹಿಡ್ಕೊಂಡು ಸುಮ್ನ ಕುಂತ್ಲು.

ಅವ್ವ ಖುಷಿಯಿಂದ ತೊಡಿ ಬಡಕೊಂಡ್ರು. "ಹಾಂ! ಈಗ ಗುರ್ತು ಹತ್ತಿತು ನೋಡ್ರಿ. ಫೋನಿನಾಗ ಇದ್ದಾಕಿ ಈಕೀನ!"