ಒಮ್ಮತದಕ್ಕನ ಮಸೂದೆ

ಹೊಸ ಶಾಸಕಿಗೆ ಒಂದು ಚಾಳಿಯಿತ್ತು. ಯಾರು ಏನು ಹೇಳಿದರೂ ಬರೆದುಕೊಳ್ಳುವುದು. ಬಾಡಿಗೆದಾರರ ಪರವಾಗಿ ಹದಿನೈದು ವರ್ಷ ಸೇವಾಸಂಸ್ಥೆ ನಡೆಸಿದ ಫಲ ಅದು. ಅಲ್ಲಿ ಎಲ್ಲರೂ ಸುತ್ತ ಕೂತು ತಲೆಯಾಡಿಸದ ಹೊರತು ಗೋಡೆಗೆ ಒಂದು ಮೊಳೆಯನ್ನೂ ಹೊಡೆಯುತ್ತಿರಲಿಲ್ಲ. ಸಂಸ್ಥೆಯವರು ಅವರಿಗಿಟ್ಟ ಹೆಸರೇ ಒಮ್ಮತದಕ್ಕ.

ಅಂದು ಅಧಿವೇಶನದ ಕೊನೆಯ ದಿನ. ಸಂಜೆ ನಾಲ್ಕು ಗಂಟೆಯೊಳಗೆ ಅಕ್ಕನ ಮಸೂದೆ ಪಾಸಾಗಬೇಕು, ಇಲ್ಲವಾದರೆ ಎರಡು ವರ್ಷದ ಓಡಾಟ ನೀರುಪಾಲು. ಮಸೂದೆ ಒಂದೇ ಸಾಲಿನದು: ಮೂರು ತಿಂಗಳು ಮೊದಲೇ ತಿಳಿಸದೆ ಮಾಲೀಕ ಯಾರನ್ನೂ ಮನೆಯಿಂದ ಹೊರಹಾಕುವಂತಿಲ್ಲ. ಮೂರು ವೋಟು ಕಡಿಮೆ ಬೀಳುತ್ತಿತ್ತು.

"ಹೋಗಿ ಕೇಳ್ಕೊಂಡು ಬನ್ನಿ. ಆದರೆ ಪೆನ್ನು ಮಾತ್ರ ಇಲ್ಲೇ ಇಟ್ಟು ಹೋಗಿ ಅಕ್ಕ," ಎಂದ ಆಪ್ತ ಸಹಾಯಕ. ಅಕ್ಕ ನಕ್ಕು ಪೆನ್ನಿನ ಸಮೇತ ಹೊರಟರು.

ಕ್ಯಾಂಟೀನಿನಲ್ಲಿ ಲಾರಿ ಮಾಲೀಕರಾಗಿದ್ದ ಸದಸ್ಯರೊಬ್ಬರು ಸಿಕ್ಕರು. "ಮೂರು ತಿಂಗಳು ಅಂದ್ರೆ ಗೂಟ ಹೊಡೆದ ಹಾಗಾಯ್ತಲ್ಲಮ್ಮ! 'ಮಾಲೀಕರಿಗೆ ಸರಿ ಕಂಡಷ್ಟು ಕಾಲ' ಅಂತ ಹಾಕಿ. ನನ್ನ ವೋಟು ನಿಮ್ಮದೇ."

ಅಕ್ಕ ಬರೆದುಕೊಂಡರು. ಬದಲಾಗುವುದು ಒಂದೇ ಮಾತಲ್ಲವೇ?

ಮೆಟ್ಟಿಲ ಹತ್ತಿರ ವಕೀಲ ಸದಸ್ಯೆ ತಡೆದರು. "ಸಮಾನತೆ, ಸಮಾನತೆ ಅಂತೀರಿ. ಬಾಡಿಗೆದಾರ ಹೇಳದೆ ಕೇಳದೆ ಖಾಲಿ ಮಾಡಿದರೆ? ಅವನೂ ಮೂರು ತಿಂಗಳು ಮೊದಲೇ ಹೇಳಲಿ."

ಸಮಾನತೆ ಎಂಬ ಮಾತು ಕೇಳಿದರೆ ಅಕ್ಕ ಬೆಣ್ಣೆಯಂತೆ ಕರಗುತ್ತಿದ್ದರು. ಅದನ್ನೂ ಬರೆದುಕೊಂಡರು.

ಕೊನೆಗೆ ಹಿರಿಯ ಸದಸ್ಯರು. ಸದನದಲ್ಲಿ ನಿದ್ದೆ ಹೊಡೆಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಎಬ್ಬಿಸಿದಾಗ ಗಂಟೆ ಮೂರೂವರೆ.

"ನಮ್ಮೂರ ಬಸ್ ಸ್ಟಾಪಿಗೆ ಒಂದು ಸೂರು ಹಾಕ್ಸು ತಾಯಿ, ವೋಟು ಹಾಕ್ತೀನಿ."

"ಇದು ಮನೆ ಕಾನೂನು ಸಾರ್, ಬಸ್ ಸ್ಟಾಪ್ ಹೇಗೆ ಸೇರಿಸ್ಲಿ?"

"ಮನೆ ಬಿಟ್ಟು ಬಂದವರು ನಿಲ್ಲೋಕಾದರೂ ನೆರಳು ಬೇಡವೇನಮ್ಮ?"

ಈ ಮಾತಿಗೆ ಅಕ್ಕನ ಕಣ್ಣೇ ಒದ್ದೆಯಾಯಿತು. ಬರೆದುಕೊಂಡು, ಮೂರನ್ನೂ ಮಸೂದೆಗೆ ಸೇರಿಸಿ ಸದನಕ್ಕೆ ಓಡಿದರು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಮಸೂದೆ ಪಾಸಾಯಿತು. ಒಂದೇ ಒಂದು ವಿರೋಧವಿಲ್ಲ! ಸದಸ್ಯರು ಮೇಜು ಕುಟ್ಟಿದರು. ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದವರಂತೂ ಅಂಗೈ ಕೆಂಪಾಗುವಷ್ಟು ಕುಟ್ಟಿದರು. ಅಕ್ಕ ನೆಲದಿಂದ ಒಂದು ಗೇಣು ಮೇಲೆ ನಡೆಯುತ್ತಾ ಕೋಣೆಗೆ ಬಂದರು.

ಸಹಾಯಕ ಅಚ್ಚಾದ ಪ್ರತಿ ಮುಂದಿಟ್ಟ. ಅಕ್ಕ ಅದನ್ನು ಮೊದಲಿನಿಂದ ಕೊನೆಯವರೆಗೆ ಒಟ್ಟಾಗಿ ಓದಿದ್ದು ಆಗಲೇ. ಬಾಡಿಗೆದಾರ ಮೂರು ತಿಂಗಳು ಮೊದಲೇ ತಿಳಿಸಬೇಕು. ಮಾಲೀಕ ತನಗೆ ಸರಿ ಕಂಡಾಗ ಹೊರಹಾಕಬಹುದು. ಹೊರಬಿದ್ದವರಿಗೆ ಬಸ್ ಸ್ಟಾಪಿನಲ್ಲಿ ನೆರಳುಂಟು.

ಅಕ್ಕ ಮತ್ತೆ ಮೊದಲಿನಿಂದ ಓದತೊಡಗಿದರು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಹಳೆಯ ಸಂಸ್ಥೆಯನ್ನು ಈಗ ನಡೆಸುತ್ತಿದ್ದ ಹುಡುಗಿ. ದನಿಯಲ್ಲಿ ಬೆಂಕಿ.

"ಅಕ್ಕಾ, ಸುದ್ದಿ ನೋಡಿದ್ವಿ! ನಿಮ್ಮ ಚಿನ್ನದಂಥ ಮಸೂದೇನ ಯಾರೋ ಕೊಂದುಹಾಕಿ, ಅದರ ಜಾಗಕ್ಕೆ ಎಂಥಾ ದರಿದ್ರ ಕಾನೂನು ತಂದಿದಾರೆ! ನಾಳೆ ಹತ್ತು ಗಂಟೆಗೆ ಸದನದ ಗೇಟಿನ ಮುಂದೆ ಧರಣಿ. ಮೊದಲ ಭಾಷಣ ನಿಮ್ಮದೇ."

"ಅದು... ನಾನು..."

"ಇನ್ನೊಂದು ಉಪಕಾರ ಮಾಡಿ ಅಕ್ಕ. ನೀವು ಒಳಗೇ ಇದ್ದೀರಲ್ಲ, ಇದನ್ನ ಬರೆದ ಮಹಾನುಭಾವ ಯಾರು ಅಂತ ಇವತ್ತೇ ಪತ್ತೆ ಮಾಡಿ. ಬ್ಯಾನರಿನಲ್ಲಿ 'ಧಿಕ್ಕಾರ' ಅಂತ ಬರೆಸಿ ಆಗಿದೆ, ಹೆಸರಿಗೆ ಜಾಗ ಬಿಟ್ಟಿದೀವಿ."